ಚರ್ಮ ಸುಲಿಯುವ ಕೈಗಳು: ಬ್ರೂಜ್‌ನ ಮ್ಯೂಸಿಯಂನಲ್ಲಿ ಒಂದು ಚಿತ್ರ

ಬೆಲ್ಜಿಯಂನ ಬ್ರೂಜ್‌ನಲ್ಲಿರುವ ಗ್ರೂನಿಂಗೆ ಮ್ಯೂಸಿಯಂಗೆ ನಾನು ಹೋಗಿದ್ದು ಒಂದೇ ಚಿತ್ರಕ್ಕಾಗಿ. ಚಿತ್ರಕಾರ ಜೆರಾರ್ಡ್ ಡೇವಿಡ್ 1498ರಲ್ಲಿ ಮುಗಿಸಿದ 'ಕ್ಯಾಂಬಿಸಸ್‌ನ ತೀರ್ಪು'. ಆಳೆತ್ತರದ ಎರಡು ಹಲಗೆಗಳು. ಮೊದಲನೆಯದರಲ್ಲಿ ಲಂಚ ತಿಂದ ನ್ಯಾಯಾಧೀಶ ಸಿಸಾಮ್ನೆಸ್ ಪರ್ಷಿಯಾದ ರಾಜ ಕ್ಯಾಂಬಿಸಸ್‌ನ ಕೈಗೆ ಸಿಕ್ಕಿಬೀಳುತ್ತಾನೆ. ಎರಡನೆಯದರಲ್ಲಿ ಅವನನ್ನು ಮೇಜಿಗೆ ಕಟ್ಟಿ, ಜೀವ ಇರುವಾಗಲೇ ಚರ್ಮ ಸುಲಿಯುತ್ತಿದ್ದಾರೆ.

ನಾನು ವರ್ಷಗಟ್ಟಲೆ ಮೆಡಿಕಲ್ ವಿದ್ಯಾರ್ಥಿಗಳಿಗೆ ಡಿಸೆಕ್ಷನ್, ಅಂದರೆ ಶವ ಕೊಯ್ದು ನೋಡುವುದನ್ನು, ಕಲಿಸಿದವಳು. ಮೊದಲ ಪಾಠವೇ ಚರ್ಮ ಬಿಡಿಸುವುದು. ಹಾಗಾಗಿ ನನ್ನ ಕಣ್ಣು ನೇರವಾಗಿ ಕಾಲಿನ ಹತ್ತಿರ ಇರುವವನ ಮೇಲೆ ಹೋಯಿತು. ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೈಯಿಂದ ಚರ್ಮ ಎಳೆಯುತ್ತಿದ್ದಾನೆ. ನೂರಕ್ಕೆ ನೂರು ಸರಿ! ಅಂಚು ಬಿಟ್ಟ ಮೇಲೆ ಚಾಕುವಿಗಿಂತ ಕೈಗೇ ಕೆಲಸ ಜಾಸ್ತಿ. ಹೊಸಬರು ಸುಮ್ನೆ ಕುಯ್ಯುತ್ತಾ ಹೋಗಿ ಒಳಗಿನ ಮಾಂಸಖಂಡ ಕತ್ತರಿಸಿಬಿಡುತ್ತಾರೆ. "ಮೊದಲು ಬಿಗಿಯಾಗಿ ಎಳೆದು ಹಿಡಿಯಮ್ಮ, ಆಮೇಲೆ ಚಾಕು" ಅಂತ ಎಷ್ಟು ಸಲ ಹೇಳಿದ್ದೇನೋ. ವೆಸೇಲಿಯಸ್‌ನ ಅಂಗರಚನೆಯ ದೊಡ್ಡ ಪುಸ್ತಕ ಬಂದಿದ್ದು 1543ರಲ್ಲಿ, ಇದಾಗಿ 45 ವರ್ಷಕ್ಕೆ; ಅಂದರೆ ಡೇವಿಡ್‌ಗೆ ನೋಡಿ ಬರೆಯಲು ಆ ಪುಸ್ತಕ ಇರಲಿಲ್ಲ. ಎಲ್ಲೋ ಕಣ್ಣಾರೆ ನೋಡದೆ ಈ ಕೈಗಳನ್ನು ಬರೆಯಲು ಆಗುವುದಿಲ್ಲ ಅಂತ ನನಗನಿಸಿತು.

ತಪ್ಪೂ ಇದೆ. ಚರ್ಮದ ಕೆಳಗೆ ಹಳದಿ ಕೊಬ್ಬಿನ ಪದರ ಇರಬೇಕು, ಇಲ್ಲಿ ನೇರವಾಗಿ ಕೆಂಪು ಮಾಂಸ. ರಕ್ತವೂ ತೀರಾ ಕಡಿಮೆ. ದೊಡ್ಡ ರಕ್ತನಾಳಗಳು ಆಳದಲ್ಲಿರುವುದರಿಂದ ರಕ್ತ ಚಿಮ್ಮುವುದಿಲ್ಲ, ಅದು ನಿಜ. ಆದರೆ ಬದುಕಿರುವ ಮೈಯಲ್ಲಿ ಸುಲಿದ ಜಾಗವೆಲ್ಲ ಒಸರುತ್ತದೆ, ಅಲ್ವಾ?

ಆದರೂ ರೋಮ್‌ನ ಬಾರ್ಬೆರಿನಿ ಅರಮನೆಯಲ್ಲಿರುವ ಚಿತ್ರಕಾರ ಕಾರವಾಜ್ಜೋನ ಜೂಡಿತ್‌ಗಿಂತ ನನಗೆ ಇದೇ ಹೆಚ್ಚು. ಅದು ಸುಮಾರು ನೂರು ವರ್ಷ ಈಚಿನದು; ಬೈಬಲ್ ಕಥೆಯ ಜೂಡಿತ್ ಶತ್ರು ಸೇನಾಪತಿಯ ತಲೆ ಕಡಿಯುತ್ತಿರುವ ಚಿತ್ರ. ಅಲ್ಲಿ ಕುತ್ತಿಗೆಯ ರಕ್ತ ಕೆಂಪು ದಾರ ಎಳೆದ ಹಾಗೆ ನೆಟ್ಟಗಿದೆ. ಜೂಡಿತ್ ಹಿಂದಕ್ಕೆ ವಾಲಿ ಕತ್ತಿ ಹಿಡಿದಿದ್ದಾಳೆ. ಅಷ್ಟು ದಪ್ಪ ಕುತ್ತಿಗೆ ಹಾಗೆ ಕಡಿಯುವುದಿಲ್ಲ, ಮೈಭಾರ ಬಿಡಬೇಕು. ಅದನ್ನು ಸರಿಯಾಗಿ ತೋರಿಸಿದವಳು ಆಮೇಲೆ ಬಂದ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿ.

ಫೋಟೋದಲ್ಲಿ ನೋಡಿ ಸಾಕು ಅಂದುಕೊಳ್ಳಬೇಡಿ. ಅರ್ಧ ಗಂಟೆಯಾದರೂ ಇಟ್ಟುಕೊಂಡು ಹೋಗಿ. ಕಾಲಿನಿಂದ ಶುರು ಮಾಡಿ, ಎದೆಯ ಮೇಲೆ ಗೆರೆ ಎಳೆಯುತ್ತಿರುವ ಚಾಕು ನೋಡಿ, ಮುಖವನ್ನು ಕೊನೆಗೆ ಇಟ್ಟುಕೊಳ್ಳಿ. ಡಿಸೆಕ್ಷನ್ ಹಾಲ್‌ನಲ್ಲಿ ನಾವು ಮುಖಕ್ಕೆ ಬಟ್ಟೆ ಮುಚ್ಚಿ ಕೆಲಸ ಮಾಡುತ್ತಿದ್ದೆವು. ಇಲ್ಲಿ ಅವನು ಹಲ್ಲು ಕಚ್ಚಿಕೊಂಡಿದ್ದಾನೆ, ಮುಖ ಬಿಟ್ಟೇ ಇದೆ.