ವೀಮ್ ಬೇಕಾ, ಬ್ಯಾಕುಲಾ ಸಾಕಾ?

ವೀಮ್, ಬ್ಯಾಕುಲಾ ಎರಡೂ ಸರ್ವರ್‌ಗಳ ಬ್ಯಾಕಪ್ ತೆಗೆಯುವ ಸಾಫ್ಟ್‌ವೇರ್‌ಗಳು. ನಿಮ್ಮ ಸರ್ವರ್‌ಗಳು ಹೆಚ್ಚಾಗಿ ವಿಎಂವೇರ್ ಅಥವಾ ಹೈಪರ್-ವಿ (ಒಂದೇ ಕಂಪ್ಯೂಟರ್ ಮೇಲೆ ಹಲವು ವರ್ಚುವಲ್ ಮೆಷಿನ್, ಅಂದರೆ ಸಾಫ್ಟ್‌ವೇರ್ ಕಂಪ್ಯೂಟರ್ ಓಡಿಸುವ ವ್ಯವಸ್ಥೆಗಳು) ಮೇಲಿದ್ದರೆ ವೀಮ್ ನೋಡಿ. ಅದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದು ಇಡೀ ವರ್ಚುವಲ್ ಮೆಷಿನ್ನನ್ನೇ ನಕಲು ಮಾಡುತ್ತದೆ. ಆಮೇಲೆ ಬದಲಾದ ಬ್ಲಾಕ್‌ಗಳನ್ನಷ್ಟೇ (ಡಿಸ್ಕಿನ ಸಣ್ಣ ತುಣುಕುಗಳು) ಎತ್ತಿಕೊಳ್ಳುತ್ತದೆ. ಅದರ ನಿಜವಾದ ತಾಕತ್ತು ಇರುವುದು ಡೇಟಾ ಮರಳಿ ಪಡೆಯುವಲ್ಲಿ, ಅಂದರೆ ರಿಸ್ಟೋರ್‌ನಲ್ಲಿ. ಸರ್ವರ್ ಬಿದ್ದರೆ ಬ್ಯಾಕಪ್ ಫೈಲ್‌ನಿಂದಲೇ ಮೆಷಿನ್ ಎಬ್ಬಿಸಬಹುದು. ಅದು ಓಡುತ್ತಿರುವಾಗಲೇ ಡೇಟಾವನ್ನು ಮೂಲ ಸ್ಟೋರೇಜ್‌ಗೆ ಸಾಗಿಸಬಹುದು. ಸ್ವಲ್ಪ ನಿಧಾನ ಆಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ, ಅಲ್ವಾ? ಮೆಷಿನ್‌ಗಳು ಹೆಚ್ಚಿದಂತೆ ಲೈಸೆನ್ಸ್ ಖರ್ಚೂ ಜಾಸ್ತಿ, ಅದನ್ನು ಮೊದಲೇ ಲೆಕ್ಕ ಹಾಕಿ.

ಬ್ಯಾಕುಲಾ 2000ರಲ್ಲಿ ಶುರುವಾದ ಓಪನ್ ಸೋರ್ಸ್ ಸಾಫ್ಟ್‌ವೇರ್. ಇಲ್ಲಿ ಕೆಲಸ ಹಂಚಿಕೆಯಾಗಿದೆ. ಡೈರೆಕ್ಟರ್ ಎಂಬ ಭಾಗ ಏನು ಮಾಡಬೇಕೆಂದು ಹೇಳುತ್ತದೆ, ಪ್ರತಿ ಮೆಷಿನ್‌ನಲ್ಲಿರುವ ಫೈಲ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಫೈಲ್ ಓದುತ್ತದೆ, ಸ್ಟೋರೇಜ್ ಡೀಮನ್ ಟೇಪ್‌ಗೋ ಡಿಸ್ಕ್‌ಗೋ ಬರೆಯುತ್ತದೆ. ಯಾವ ಫೈಲ್ ಯಾವ ಟೇಪ್‌ನಲ್ಲಿದೆ ಎನ್ನುವುದು ಕೆಟಲಾಗ್ ಡೇಟಾಬೇಸ್‌ನಲ್ಲಿ. ಅದು ಹಾಳಾದರೆ ಬ್ಯಾಕುಲಾದ ಉಪಕರಣ ಬಿ-ಸ್ಕ್ಯಾನ್ ಹಚ್ಚಿ, ಟೇಪ್‌ಗಳನ್ನು ಓದಿಸಿ ಮತ್ತೆ ಕಟ್ಟಬೇಕು. ಸಾಕುಬೇಕಾಗುವ ಕೆಲಸ! ಕೆಟಲಾಗನ್ನೂ ದಿನಾ ಬ್ಯಾಕಪ್ ಮಾಡಿ.

ಲಿನಕ್ಸ್ ಬಲ್ಲವರಿದ್ದು, ಟೇಪ್ ಲೈಬ್ರರಿಯೂ (ಟೇಪ್‌ಗಳನ್ನು ತಾನೇ ಬದಲಿಸುವ ಯಂತ್ರ) ಇದ್ದರೆ ಬ್ಯಾಕುಲಾ ಸಾಕು. ಕಾನ್ಫಿಗ್ ಫೈಲ್ (ಸೆಟ್ಟಿಂಗ್ ಬರೆದಿಡುವ ಫೈಲ್) ಮುಟ್ಟಲು ಹೆದರುವ ತಂಡಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ. ಎರಡರಲ್ಲೂ ಒಂದು ಪ್ರತಿ ನೆಟ್‌ವರ್ಕ್‌ನಿಂದ ಹೊರಗಿರಲಿ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ಬ್ಯಾಕಪ್ ಸರ್ವರ್ರನ್ನೂ ಬಿಡುವುದಿಲ್ಲ.