‘ನೇಸರ’ ಎಂಬ ಹೆಸರೂ 299 ರೂಪಾಯಿಯ ಆ್ಯಪೂ

ತಂಗಿಗೆ ಈಗ ಏಳು ತಿಂಗಳು. ಹುಟ್ಟುವ ಮಗು ಹೆಣ್ಣಾದರೂ ಗಂಡಾದರೂ ಒಪ್ಪುವ, ಶಾಲೆಯ ಹಾಜರಿ ಪುಸ್ತಕದಲ್ಲಿ ನಾಲ್ಕು ಸಲ ಬಾರದ, ಅಚ್ಚಗನ್ನಡದ ಹೆಸರೊಂದನ್ನು ಹುಡುಕಿಕೊಡೆಂದು ಅವಳು ಕೇಳಿದ್ದರಿಂದ, ಮಕ್ಕಳ ಹೆಸರು ಸೂಚಿಸುವ ಮೊಬೈಲ್ ಆ್ಯಪ್ ಒಂದಕ್ಕೆ 299 ರೂಪಾಯಿ ಕಟ್ಟಿ ಮೂರು ವಾರ ಬಳಸಿದೆ.

ಹುಡುಕುವ ಸೌಲಭ್ಯ ಚೆನ್ನಾಗಿದೆ. ಮೊದಲ ಅಕ್ಷರವನ್ನು ಆರಿಸಿ, ‘ಇಬ್ಬರಿಗೂ’ ಎಂಬುದನ್ನು ಒತ್ತಿದೊಡನೆ ಪಟ್ಟಿ ಕಿರಿದಾಗುತ್ತದೆ. ‘ನೇಸರ’ ನಮಗೆ ಸಿಕ್ಕಿದ್ದು ಹಾಗೆಯೇ. ‘ನೇ’ ಅನೂರಾಧಾ ನಕ್ಷತ್ರದ ನಾಲ್ಕನೆಯ ಪಾದದ ಅಕ್ಷರವೆಂಬ ಮಾಹಿತಿಯೂ ಅಲ್ಲಿ ಸರಿಯಾಗಿತ್ತು.

ಹಣ ಕೊಟ್ಟವರಿಗಷ್ಟೇ ತೆರೆಯುವ ಅರ್ಥದ ಪುಟದಲ್ಲಿ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ‘ಸಂಸ್ಕೃತ ಮೂಲ, ಸೂರ್ಯದೇವ, ಗಂಡುಮಕ್ಕಳಿಗೆ ಹೆಚ್ಚು ಸೂಕ್ತ’ ಎಂದು ಅಲ್ಲಿ ಬರೆದಿತ್ತು. ಸೂರ್ಯ ಎಂಬ ಅರ್ಥವೊಂದನ್ನು ಬಿಟ್ಟರೆ ಉಳಿದದ್ದು ತಪ್ಪು. ನೇಸರು ದ್ರಾವಿಡ ಪದ. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಇದು ಶಕಟರೇಫ, ಅಂದರೆ ಹಳಗನ್ನಡದ ‘ಱ’ ಅಕ್ಷರ, ಇರುವ ‘ನೇಸಱ್’ ರೂಪದಲ್ಲಿ ಸಿಗುತ್ತದೆ. ಆ ‘ಱ’ ಬಳಕೆಯಿಂದ ಮರೆಯಾದ ಮೇಲೆ ಉಳಿದದ್ದು ನಾವು ಇಂದು ಬರೆಯುವ ‘ರ’. ತಮಿಳಿನ ‘ಞಾಯಿಱು’ ಇದರ ಒಡಹುಟ್ಟು. ತಮಿಳರು ಭಾನುವಾರವನ್ನು ‘ಞಾಯಿಱ್ಱುಕ್ಕಿಳಮೈ’ ಎಂದೂ ಮಲಯಾಳಿಗಳು ‘ಞಾಯರಾಳ್ಚ’ ಎಂದೂ ಕರೆಯುವಾಗ ನಮ್ಮ ನೇಸರಿನ ನಂಟರನ್ನೇ ಹೆಸರಿಸುತ್ತಿರುತ್ತಾರೆ.

ಗಂಡಿಗೆ ಹೆಚ್ಚು ಸೂಕ್ತವೆಂಬ ಮಾತಂತೂ ಈ ಪದದ ಸೊಗಸನ್ನೇ ಮರೆಸುತ್ತದೆ. ಕನ್ನಡದಲ್ಲಿ ‘ಸೂರ್ಯ ಹುಟ್ಟಿದ’ ಎನ್ನುತ್ತೇವೆ, ಆದರೆ ‘ನೇಸರು ಮೂಡಿತು’ ಎನ್ನುತ್ತೇವೆ. ‘ತಿಂಗಳು ಮೂಡಿತು’, ‘ಹೊತ್ತು ಮುಳುಗಿತು’ ಎಂಬ ಹಾಗೆ ಇದೂ ನಪುಂಸಕಲಿಂಗದಲ್ಲಿ ನಡೆಯುವ ಪದ. ಇಂದಿನ ಕವಿತೆಗಳಲ್ಲಿ ‘ನೇಸರ ಬಂದ’ ಎಂಬ ಪ್ರಯೋಗವೂ ಇದೆ, ನಿಜ. ಆದರೂ ಹೆಣ್ಣು ಗಂಡೆಂಬ ಭೇದವನ್ನು ಮೈಗೆ ಅಂಟಿಸಿಕೊಳ್ಳದ ಮಾತೊಂದು ಹೀಗೆ ಮನೆಯೊಳಗೇ ಇರುವಾಗ, ಇಬ್ಬರಿಗೂ ಹೊಂದುವ ಹೆಸರಿಗೆ ಇದಕ್ಕಿಂತ ಗಟ್ಟಿಯಾದ ಆಧಾರವನ್ನು ನಾನು ಕೇಳಲಾರೆ. ಕೊನೆಯ ಅಕಾರವೂ ಅಡ್ಡಿಯಲ್ಲ: ಬಸವನಂತೆ ನೇಸರನೂ ಆಗುತ್ತದೆ, ಇಂಚರಳಂತೆ ನೇಸರಳೂ ಆಗುತ್ತದೆ.

ಉಚ್ಚಾರಣೆಯ ಸೌಲಭ್ಯವನ್ನು ಒತ್ತಿದಾಗ ಯಂತ್ರದ ದನಿ ‘ನೆಸಾರಾ’ ಎಂದಿತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ, “ಯಾವ ಊರಿನ ಹೆಸರೇ ಅದು?” ಎಂದು ಕೇಳಿದರು. ನಾನು ಬಿಡಿಸಿ ‘ನೇಸರ’ ಎಂದಾಗ, “ಓ, ನೇಸರು ಅನ್ನು ಮತ್ತೆ” ಎಂದು ಒಪ್ಪಿಗೆಯ ನಗು ನಕ್ಕರು. ಕನ್ನಡದ ಹೆಸರುಗಳನ್ನು ಮಾರುವ ಸೇವೆಯೊಂದು ಮೊದಲಕ್ಷರದ ದೀರ್ಘವನ್ನು ಉಳಿಸಿಕೊಳ್ಳದಿದ್ದರೆ ಹೇಗೆ? ಈ ದೋಷಗಳನ್ನು ವಿವರಿಸಿ ಅವರಿಗೆ ಬರೆದೆ. ಉತ್ತರ ಎರಡು ದಿನದಲ್ಲಿ ಬಂತು, ಪುಟ ಮಾತ್ರ ಇನ್ನೂ ಬದಲಾಗಿಲ್ಲ.

ಹೆಸರುಗಳ ಪಟ್ಟಿ ಬೇಕಿದ್ದವರಿಗೆ ಉಚಿತ ಆವೃತ್ತಿಯೇ ಸಾಕು. ಅರ್ಥಕ್ಕಾಗಿ ಹಣ ಕಟ್ಟಬೇಡಿ, ಒಳ್ಳೆಯ ಕನ್ನಡ ನಿಘಂಟನ್ನು ತೆರೆಯಿರಿ. ಅವಸರವೂ ಬೇಡ: ಜನನ ನೋಂದಣಿಯಲ್ಲಿ ಮಗುವಿನ ಹೆಸರನ್ನು ಆಮೇಲೆ ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ. ತಂಗಿಯಂತೂ ‘ನೇಸರ’ವನ್ನು ತೊಟ್ಟಿಲ ಶಾಸ್ತ್ರಕ್ಕೆಂದು ಈಗಲೇ ತೆಗೆದಿಟ್ಟಿದ್ದಾಳೆ.