ಮಾವಿನಕಾಯಿ, ಹುಣಸೆ, ನಿಂಬೆ ಎಲ್ಲಾ ತಡ್ಕೊಳ್ಳೋ ಚಾಕು: 1.4116 ಸ್ಟೀಲಿನ ರಿವ್ಯೂ

ಇದು ಯಾವ್ದೋ ಕಂಪನಿ ಚಾಕುವಿನ ರಿವ್ಯೂ ಅಲ್ಲ, ಅಲಗು ಮಾಡಿರೋ ಸ್ಟೀಲಿನ ರಿವ್ಯೂ. ಆನ್‌ಲೈನಲ್ಲಿ ಚಾಕು ತಗೊಳಕ್ಕೆ ಹೋದ್ರೆ ಹಿಡಿ ಬಣ್ಣ ಚೆನ್ನಾಗಿದೆ, ಪ್ಯಾಕಿಂಗ್ ಸೂಪರ್, ಡೆಲಿವರಿ ಬೇಗ ಬಂತು ಅಂತ ಐದು ಸ್ಟಾರ್ ಕೊಟ್ಟಿರ್ತಾರೆ, ಟೊಮೇಟೊ ಹೆಚ್ಚೋದು ಹಿಡಿ ಅಲ್ಲ ಸ್ವಾಮಿ, ಅಲಗು. ಅಲಗಿನ ಬಗ್ಗೆ ಯಾರೂ ಒಂದು ಮಾತು ಬರೆಯಲ್ಲ, ಬರೆದ್ರೂ "ಹೈ ಕಾರ್ಬನ್ ಜರ್ಮನ್ ಸ್ಟೀಲ್" ಅಂತ ಕಂಪನಿಯವರು ಹಾಕಿರೋದನ್ನೇ ಕಾಪಿ ಹೊಡೆದಿರ್ತಾರೆ.

ನಮ್ಮನೇಲಿ ದಿನಾ ಓಡ್ತಿರೋದು ಎರಡು ಚಾಕು, ಒಂದು 8 ಇಂಚಿನ ದೊಡ್ಡದು, ಇನ್ನೊಂದು ಬೆಳ್ಳುಳ್ಳಿ ಬಿಡಿಸೋ ಸೈಜಿನ ಪುಟ್ಟದು. ಎರಡೂ ಒಂದೇ ಸ್ಟೀಲು. ದೊಡ್ಡದರ ಅಲಗಿನ ಮೇಲೆ ಎಕ್ಸ್ 50 ಸಿಆರ್ ಎಂಒ ವಿ 15 ಅಂತ ಕೊರೆದಿದೆ, ಇದಕ್ಕೇ ಜರ್ಮನಿಯವರ ನಂಬರ್ 1.4116. ಕಂಪನಿ ಹೆಸರು ಬೇಡ, ಯಾಕಂದ್ರೆ ಈ ಸ್ಟೀಲು ಒಬ್ಬರ ಸ್ವತ್ತಲ್ಲ. ಜರ್ಮನಿಯ ಸೋಲಿಂಗೆನ್ ಊರಿನ ವುಸ್ತೋಫ್ ಕಂಪನಿಯವರು ಚಾಕು ಮೇಲೇ ಈ ಹೆಸರು ಹಾಕ್ತಾರೆ, ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಅಡುಗೆ ಚಾಕುಗಳೂ ಇದರದ್ದೇ, ಚೀನಾದಲ್ಲಿ ಮಾಡಿ ಜರ್ಮನ್ ಸ್ಟೀಲ್ ಅಂತ ಮಾರೋದ್ರಲ್ಲೂ ಬೇಕಾದಷ್ಟು ಇದೇ.

ತೀರ್ಪು ಮೊದ್ಲೇ ಹೇಳ್ಬಿಡ್ತೀನಿ: ನಮ್ಮ ಅಡುಗೆಮನೆಗೆ ಇದಕ್ಕಿಂತ ಗಟ್ಟಿ, ಇದಕ್ಕಿಂತ ದುಬಾರಿ ಸ್ಟೀಲು ಬೇಡ. ಬೇಗ ಮೊಂಡಾಗುತ್ತೆ, ಅದು ನಿಜ. ಆದ್ರೂ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಆ ಹೆಸರಲ್ಲೇ ಅರ್ಧ ಜಾತಕ ಇದೆ. 50 ಅಂದ್ರೆ ನೂರಕ್ಕೆ ಅರ್ಧ ಪಾಲು, ಅಂದ್ರೆ 0.5% ಇಂಗಾಲ. ಕೊನೇ 15 ಕ್ರೋಮಿಯಂ, ನಿಜವಾಗ್ಲೂ ಇರೋದು 14ರಿಂದ 15%. ಮಧ್ಯ ಇರೋ ಎಂಒ ಮಾಲಿಬ್ಡಿನಮ್, ಅದು 0.5ರಿಂದ 0.8, ವಿ ಅಂದ್ರೆ ವನೇಡಿಯಂ, ಅದು ಬರೀ ಚಿಟಿಕೆಯಷ್ಟು, 0.1ರಿಂದ 0.2. ಇಂಗಾಲ ಇರೋದ್ರಿಂದ ಸ್ಟೀಲು ಕಾಯಿಸಿ ತಣಿಸಿದಾಗ ಗಟ್ಟಿ ಆಗುತ್ತೆ, ಕ್ರೋಮಿಯಂ ಮೇಲ್ಮೈ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಆಕ್ಸೈಡ್ ಪದರ ಕಟ್ಟಿ ತುಕ್ಕು ತಡೆಯುತ್ತೆ, ಗೀಚಿದ್ರೂ ಗಾಳಿ ಸಿಕ್ಕ ಕೂಡಲೇ ಅದೇ ಮತ್ತೆ ಕಟ್ಕೊಳುತ್ತೆ. ಮಾಲಿಬ್ಡಿನಮ್ ಉಪ್ಪಿಂದ ಗುಳಿ ಗುಳಿಯಾಗೋದನ್ನ ಕಮ್ಮಿ ಮಾಡುತ್ತೆ, ವನೇಡಿಯಂ ಒಳಗಿನ ಕಣಗಳು ದಪ್ಪ ಆಗದ ಹಾಗೆ ನೋಡ್ಕೊಳುತ್ತೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅಂಗಡಿಯವರು ಯಾರೂ ಹೇಳಲ್ಲ. ಇಂಗಾಲಕ್ಕೂ ಕ್ರೋಮಿಯಂಗೂ ಒಳಗೊಳಗೇ ಜಗಳ. ಇಂಗಾಲ ಜಾಸ್ತಿ ಹಾಕಿದಷ್ಟೂ ಅದು ಕ್ರೋಮಿಯಂನ ಎಳ್ಕೊಂಡು ಕಾರ್ಬೈಡ್ ಆಗಿ ಕೂತ್ಬಿಡುತ್ತೆ, ಕಾರ್ಬೈಡ್ ಗಟ್ಟಿ, ಸವೆತ ತಡೆಯುತ್ತೆ, ಆದ್ರೆ ಅದರೊಳಗೆ ಸಿಕ್ಕಿಹಾಕ್ಕೊಂಡ ಕ್ರೋಮಿಯಂ ತುಕ್ಕು ತಡೆಯಕ್ಕೆ ಬರಲ್ಲ. ಅದಕ್ಕೇ 440ಸಿ ಅನ್ನೋ ಸ್ಟೀಲಲ್ಲಿ ಕ್ರೋಮಿಯಂ 16ರಿಂದ 18% ಇದ್ರೂ ಇಂಗಾಲ 1% ಆಸುಪಾಸು ಇರೋದ್ರಿಂದ, ಕಾಗದದ ಮೇಲೆ ಕಾಣೋ ಅಷ್ಟು ಲಾಭ ತುಕ್ಕಿನ ವಿಷಯದಲ್ಲಿ ಸಿಗಲ್ಲ. ನಮ್ಮ 1.4116ರಲ್ಲಿ ಇಂಗಾಲ ಅರ್ಧವೇ, ಹಾಗಾಗಿ ಬಹುಪಾಲು ಕ್ರೋಮಿಯಂ ಪುರುಸೊತ್ತಾಗಿ ಪಹರೆಗೆ ಸಿಗುತ್ತೆ. ಸ್ವೀಡನ್ನಿನವರು ಇನ್ನೊಂದು ಜಾಣತನ ಮಾಡಿದಾರೆ, 14ಸಿ28ಎನ್ ಅನ್ನೋ ಸ್ಟೀಲಿಗೆ 0.11% ಸಾರಜನಕ ಸೇರಿಸಿ, ಗಟ್ಟಿತನನೂ ತುಕ್ಕು ತಡೆಯೋ ಶಕ್ತಿನೂ ಎರಡೂ ಹೆಚ್ಚಿಸಿದಾರೆ. ಅದು ಹೆಚ್ಚಾಗಿ ಮಡಚೋ ಚಾಕುಗಳಲ್ಲಿ ಸಿಗುತ್ತೆ, ಅಡುಗೆ ಚಾಕುವಲ್ಲಿ ಸಿಕ್ಕಿದ್ರೆ ಕಣ್ಮುಚ್ಚಿ ತಗೊಳ್ಳಿ.

ಈಗ ಅಡುಗೆಮನೆಗೆ ಬರೋಣ. ನಮ್ಮತ್ತೆ ಮಲೆನಾಡಿನವರು, ಅವರ ಕೈ ಪಳಗಿರೋದು ಮೆಟ್ಟುಗತ್ತಿಯಲ್ಲಿ, ಬಯಲುಸೀಮೆ ಕಡೆಯವರು ಈಳಿಗೆ ಮಣೆ ಅಂತೀರಲ್ಲ ಅದೇ. ಕಬ್ಬಿಣದ ಅಲಗು, ಹರಿತ ಅಂದ್ರೆ ಹರಿತ, ಈ ಸ್ಟೇನ್‌ಲೆಸ್ ಎಲ್ಲಾ ಅದರ ಮುಂದೆ ಹರಿತದ ಲೆಕ್ಕದಲ್ಲಿ ಸೋಲುತ್ತೆ ಅಂತ ಅತ್ತೆ ಹೇಳೋದನ್ನ ನಾನು ಒಪ್ತೀನಿ. ಆದ್ರೆ ಅದರಲ್ಲಿ ಮಾವಿನಕಾಯಿ ಹೆಚ್ಚಿದ್ರೆ ಹೋಳಿನ ಅಂಚು ಕಪ್ಪಗಾಗುತ್ತೆ, ಬಾಳೆಕಾಯಿ ಕೇಳೋದೇ ಬೇಡ. ಬಾಳೆಕಾಯಿ ಗಾಳಿಗೇ ಕಪ್ಪಾಗುತ್ತೆ ಬಿಡಿ, ಅದಕ್ಕೇ ಮಜ್ಜಿಗೆ ನೀರಲ್ಲಿ ಹಾಕೋದು, ಆದ್ರೆ ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿದ್ರೆ ಇನ್ನೂ ಜಾಸ್ತಿ. ನಿಂಬೆಹಣ್ಣು ಕುಯ್ದು ಒರೆಸದೆ ಇಟ್ರೆ ಸ್ವಲ್ಪ ಹೊತ್ತಲ್ಲೇ ಅಲಗಿನ ಮೇಲೆ ಕಂದು ಪಟ್ಟೆ. 1.4116ರಲ್ಲಿ ಈ ತಲೆನೋವು ಇಲ್ಲ. ಉಪ್ಪಿನಕಾಯಿಗೆ ಮಾವಿನಕಾಯಿ ರಾಶಿ ಹಾಕ್ಕೊಂಡು ಹೆಚ್ಚಿ, ಹೋಳು ಬೆಳ್ಳಗೆ ಹಸಿರಾಗೇ ಇರುತ್ತೆ, ಚಾಕುಗೆ ಕಬ್ಬಿಣದ ವಾಸನೆನೂ ಬರಲ್ಲ. ಹಲಸಿನಕಾಯಿ ಮಾತ್ರ ಯಾವ ಸ್ಟೀಲಾದ್ರೂ ಒಂದೇ, ಕೊಬ್ಬರಿ ಎಣ್ಣೆ ಸವರ್ಕೊಳ್ದೆ ಕೈ ಹಾಕಿದ್ರೆ ಮೇಣ ಅಂಟೇ ಅಂಟುತ್ತೆ.

ಹಾಗಂತ ಎಷ್ಟೊತ್ತಾದ್ರೂ ಹೆಂಗಾದ್ರೂ ಬಿಡಬಹುದು ಅಂತಲ್ಲ. ಈ ಸ್ಟೀಲಿಗೆ ನಿಜವಾದ ಶತ್ರು ಹುಳಿ ಅಲ್ಲ, ಉಪ್ಪು. ಉಪ್ಪಿನ ಕ್ಲೋರೈಡು ಆ ತೆಳು ಪದರನ ಅಲ್ಲಲ್ಲೇ ತೂತು ಮಾಡುತ್ತೆ, ಸೂಜಿಮೊನೆಯಷ್ಟು ಗುಳಿ ಬೀಳುತ್ತೆ, ಒಂದ್ಸಲ ಬಿದ್ದ ಗುಳಿ ಹೋಗಲ್ಲ. ಉಪ್ಪುನೀರಿನ ಪಾತ್ರೆಲಿ ರಾತ್ರಿಯಿಡೀ ಚಾಕು ನೆನೆ ಹಾಕ್ಬೇಡಿ, ಬ್ಲೀಚ್ ತಾಗಿಸ್ಬೇಡಿ. ಡಿಶ್‌ವಾಷರೂ ಬೇಡ, ಅದರ ಪುಡಿಲಿ ಕ್ಷಾರ ಜಾಸ್ತಿ, ಬಿಸಿನೂ ಜಾಸ್ತಿ, ಪಕ್ಕದ ಪಾತ್ರೆಗೆ ಬಡಿದು ಅಂಚೂ ಹಾಳು. ಇನ್ನು ಬೋರ್‌ವೆಲ್ ನೀರಿನ ಮನೆಗಳಲ್ಲಿ ಅಲಗಿನ ಮೇಲೆ ಬಿಳಿ ಬಿಳಿ ಚುಕ್ಕೆ ಬರುತ್ತಲ್ಲ ಅದನ್ನ ನೋಡಿ ಡೂಪ್ಲಿಕೇಟ್ ಸ್ಟೀಲು ಅಂತ ಒಂದು ಸ್ಟಾರ್ ಕೊಟ್ಟಿರೋ ರಿವ್ಯೂ ಎಷ್ಟು ಬೇಕು, ಅದು ತುಕ್ಕಲ್ಲ ಕಣ್ರೀ, ಗಡಸು ನೀರಿನ ಸುಣ್ಣ, ನಿಂಬೆ ಸಿಪ್ಪೆಲಿ ತಿಕ್ಕಿದ್ರೆ ಹೋಗುತ್ತೆ. ಟೀ ಬಣ್ಣದ ಕಲೆ ಕಂಡ್ರೆ ಅದು ತುಕ್ಕಿನ ಶುರು, ಅಡುಗೆ ಸೋಡಾ ಪೇಸ್ಟ್ ಮಾಡಿ ಉಜ್ಜಿ.

ಗಟ್ಟಿತನದ ವಿಷಯ. ಇದನ್ನ ಅಳೆಯೋದು ರಾಕ್‌ವೆಲ್ ಸಿ ಸ್ಕೇಲಲ್ಲಿ, ವಜ್ರದ ಮೊನೆನ ಇಂತಿಷ್ಟು ಭಾರದಲ್ಲಿ ಒತ್ತಿ ಎಷ್ಟು ಆಳ ಇಳೀತು ಅಂತ ನೋಡ್ತಾರೆ. 1.4116 ಚಾಕುಗಳು ಸಾಮಾನ್ಯವಾಗಿ 55ರಿಂದ 58. ಜಪಾನಿನ ವಿಜಿ 10 ಸ್ಟೀಲು 60, 61. ಕೆಲವೇ ಪಾಯಿಂಟು ತಾನೇ ಅನ್ಕೋಬೇಡಿ, ನಡವಳಿಕೆನೇ ಬೇರೆ. ಗಟ್ಟಿ ಸ್ಟೀಲಿನ ಅಂಚು ತೆಳ್ಳಗೆ ಸಾಣೆ ಹಿಡಿಸ್ಕೊಳುತ್ತೆ, ಹರಿತ ವಾರಗಟ್ಟಲೆ ನಿಲ್ಲುತ್ತೆ, ಆದ್ರೆ ಏಟು ಬಿದ್ರೆ ಚಕ್ಕೆ ಎದ್ದು ಬರುತ್ತೆ. ಮೆತ್ತಗಿನ ಸ್ಟೀಲಿನ ಅಂಚು ಚಕ್ಕೆ ಏಳಲ್ಲ, ಪಕ್ಕಕ್ಕೆ ಮಗುಚಿಕೊಳುತ್ತೆ ಅಷ್ಟೆ. ಮಗುಚಿದ್ದನ್ನ ನೆಟ್ಟಗೆ ಮಾಡ್ಬಹುದು, ಮುರಿದಿದ್ದನ್ನ ಕೂಡಿಸಕ್ಕಾಗಲ್ಲ, ಕಲ್ಲಿನ ಮೇಲೆ ಅಷ್ಟೂ ಸವೆಸಿ ತೆಗೀಬೇಕು.

ನಮ್ಮನೆಗಳಲ್ಲಿ ಚಾಕುವಿನ ಗತಿ ಏನು ಅಂತ ನಿಮಗೆ ಗೊತ್ತು. ತೆಂಗಿನಕಾಯಿ ಕರಟದಿಂದ ಹೋಳು ಎಬ್ಬಿಸೋದು ಅದೇ ಚಾಕುಲಿ, ಫ್ರಿಜ್ಜಿಂದ ತೆಗೆದ ಕಲ್ಲಿನಂಥ ಬೆಲ್ಲ ಕೆತ್ತೋದು ಅದೇ ಚಾಕುಲಿ, ಸುವರ್ಣಗಡ್ಡೆ ಸಿಪ್ಪೆ ಹೆರೆಯೋದು ಅದೇ, ಹಾಲಿನ ಪ್ಯಾಕೆಟ್ ಕತ್ತರಿಸೋದು ಅದೇ, ಕೆಲವರಂತೂ ಡಬ್ಬಿ ಮುಚ್ಚಳನೂ ಅದರಲ್ಲೇ ಮೀಟ್ತಾರೆ. ನಾನು ಒಬ್ಳೇ ಬಳಸಿದ್ರೆ ಸರಿ, ಅತ್ತೆ ಬಳಸ್ತಾರೆ, ಕೆಲಸಕ್ಕೆ ಬರೋ ಅಕ್ಕ ಬಳಸ್ತಾರೆ, ನಮ್ಮವರು ಭಾನುವಾರ ಅಡುಗೆ ಮಾಡ್ತೀನಿ ಅಂತ ಬಂದು ಸ್ಟೀಲ್ ತಟ್ಟೆ ಮೇಲೆ ಈರುಳ್ಳಿ ಹೆಚ್ತಾರೆ. ಇಂಥಾ ಮನೆಗೆ 61 ಗಟ್ಟಿತನದ ಚಾಕು ತರೋದು ಅಂದ್ರೆ ಹೊಲ ಉಳಕ್ಕೆ ರೇಸ್ ಕುದುರೆ ತಂದ ಹಾಗೆ. ನನ್ನ ಸ್ನೇಹಿತೆ ಒಬ್ರು ತುಂಬಾ ಆಸೆಪಟ್ಟು ಅಂಥದ್ದೊಂದು ತರಿಸಿದ್ರು, ಕರಟ ತಾಗಿ ಅಂಚಲ್ಲಿ ಅರ್ಧಚಂದ್ರ ಬಿದ್ದಿದೆ, ಈಗ ಶೋಕೇಸಲ್ಲಿದೆ. ಒಬ್ಬರೇ ಅಡುಗೆ ಮಾಡೋರು, ಮರದ ಹಲಗೆ ಬಿಟ್ರೆ ಬೇರೆ ಕಡೆ ಚಾಕು ಇಡದೇ ಇರೋರು, ತೊಳೆದು ಒರೆಸಿ ಎತ್ತಿಡೋರು ಖಂಡಿತ ಜಪಾನಿ ಸ್ಟೀಲ್ ತಗೊಳ್ಳಿ, ಅದರ ಸುಖನೇ ಬೇರೆ.

ಈ ಮೆತ್ತಗಿರೋದಕ್ಕೆ ಕೊಡೋ ಬೆಲೆ ಅಂದ್ರೆ ಆಗಾಗ ಕೈ ಆಡಿಸ್ಬೇಕು. ಚಾಕು ಸೆಟ್ ಜೊತೆ ಉದ್ದ ಕೋಲು ಬರುತ್ತಲ್ಲ, ಹೋನಿಂಗ್ ರಾಡ್, ಅದು ಇರೋದೇ ಮಗುಚಿದ ಅಂಚು ನೆಟ್ಟಗೆ ಮಾಡಕ್ಕೆ. ಎರಡೂ ಕಡೆ ನಾಲ್ಕೈದು ಸಲ, 15ರಿಂದ 20 ಡಿಗ್ರಿ ಓರೆಯಲ್ಲಿ, ಜೋರಾಗಿ ಒತ್ತದೆ ಎಳೆದ್ರೆ ಟೊಮೇಟೊ ಸಿಪ್ಪೆ ಮತ್ತೆ ಮಾತು ಕೇಳುತ್ತೆ. ಅದೂ ಕೆಲಸ ಮಾಡ್ತಿಲ್ಲ ಅಂದಾಗ 1000 ಗ್ರಿಟ್ ಕಲ್ಲು ನೀರಲ್ಲಿ ನೆನೆಸಿ ಉಜ್ಜೋದು. ಈ ಸ್ಟೀಲಲ್ಲಿ ದಪ್ಪ ಕಾರ್ಬೈಡ್ ಕಮ್ಮಿ, ಹಾಗಾಗಿ ಸಾಣೆಕಲ್ಲಿಗೆ ಬೇಗ ಬಗ್ಗುತ್ತೆ, ಕಲಿಯೋರಿಗೆ ಇದಕ್ಕಿಂತ ಒಳ್ಳೇ ಗುರು ಇಲ್ಲ. ಕಲ್ಲು ಇಲ್ವಾ, ಪಿಂಗಾಣಿ ಕಪ್ ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತೆ, ಅದರ ಮೇಲೆ ತಿಕ್ಕಿ, ನಂಬಿ ನಡೆಯುತ್ತೆ.

ಬೀದಿಲಿ ಸೈಕಲ್ ಚಕ್ರಕ್ಕೆ ಸಾಣೆಕಲ್ಲು ಕಟ್ಕೊಂಡು ಬರೋರ ಹತ್ರ ಕೊಡೋ ಹಾಗಿದ್ರೆ ಒಂದು ಮಾತು. ಆ ಕಿಡಿ ನೋಡಕ್ಕೆ ಚೆಂದ. ಆದ್ರೆ ಈ ಅಲಗನ್ನ ಕಾರ್ಖಾನೇಲಿ ಸುಮಾರು 1050 ಡಿಗ್ರಿವರೆಗೆ ಕಾಯಿಸಿ, ಸರ್ರನೆ ತಣಿಸಿ, ಆಮೇಲೆ 200 ಡಿಗ್ರಿ ಆಸುಪಾಸಲ್ಲಿ ಮತ್ತೆ ಕಾಯಿಸಿ ಹದ ಮಾಡಿರ್ತಾರೆ. ಒಣ ಕಲ್ಲಿಗೆ ಒತ್ತಿ ಹಿಡಿದ್ರೆ ತೆಳು ಅಂಚಿನ ಬಿಸಿ ಅದಕ್ಕಿಂತ ಮೇಲೆ ಹೋಗುತ್ತೆ, ನೀಲಿ ಬಣ್ಣ ಬಂತು ಅಂದ್ರೆ ಅಲ್ಲಿಯ ಹದ ಹೋಯ್ತು, ಅವತ್ತು ಹರಿತ ಅನ್ಸುತ್ತೆ ಮಾರನೇ ವಾರಕ್ಕೇ ಮೊಂಡು. "ನೀರು ಹಾಕ್ಕೊಂಡು ನಿಧಾನಕ್ಕೆ ಹಿಡೀರಣ್ಣ" ಅಂತ ಹೇಳಿ, ಬಹಳ ಜನ ಹಂಗೇ ಮಾಡ್ಕೊಡ್ತಾರೆ. ಆ ಪೊರಕೆ ಕಡ್ಡಿ ಸೈಜಿನ ಸೀಳಲ್ಲಿ ಎಳೆಯೋ ಪ್ಲಾಸ್ಟಿಕ್ ಶಾರ್ಪನರ್ ಇದೆಯಲ್ಲ, ಅದು ಸ್ಟೀಲ್ ಕಿತ್ತು ತೆಗೆಯುತ್ತೆ, ಬೇಡ.

ಇನ್ನೊಂದು, ಅಯಸ್ಕಾಂತದ ಪರೀಕ್ಷೆ. ಪಾತ್ರೆ ಅಂಗಡಿಲಿ ಅಯಸ್ಕಾಂತ ಹಿಡಿದು ಅಂಟಿದ್ರೆ ಕಳಪೆ ಅನ್ನೋ ಅಭ್ಯಾಸ ನಮಗೆಲ್ಲಾ ಇದೆ. ಚಾಕು ವಿಷಯದಲ್ಲಿ ಉಲ್ಟಾ, ಅಂಟಲೇಬೇಕು. ಕಾಯಿಸಿ ಗಟ್ಟಿ ಮಾಡಕ್ಕಾಗೋ ಸ್ಟೇನ್‌ಲೆಸ್ ಜಾತಿ ಅಯಸ್ಕಾಂತಕ್ಕೆ ಅಂಟುತ್ತೆ. ತಟ್ಟೆ ಲೋಟ ಮಾಡೋ 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್, ತುಕ್ಕಿಗೆ ಇನ್ನೂ ಗಟ್ಟಿಗ, ಆದ್ರೆ ಕಾಯಿಸಿ ತಣಿಸಿದ್ರೆ ಗಡಸಾಗಲ್ಲ, ಅಂಚು ನಿಲ್ಲಲ್ಲ. ಅದಕ್ಕೇ "304 ಗ್ರೇಡ್ ಪ್ರೀಮಿಯಂ ಚಾಕು" ಅಂತ ಬರೆದಿದ್ರೆ ಮುಂದಕ್ಕೆ ಹೋಗಿ. ಪಾತ್ರೆಗೂ ಈ ಪರೀಕ್ಷೆ ಸಾಕಾಗಲ್ಲ ಅನ್ನೋದು ಬೇರೆ ಮಾತು, ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ 200 ಸೀರೀಸ್ ಪಾತ್ರೆನೂ ಅಂಟಲ್ಲ.

ಸ್ಟೇನ್‌ಲೆಸ್ ಚಾಕು ಹರಿತ ಇರಲ್ಲ ಅನ್ನೋ ದೂರು ಅತ್ತೆ ಕಾಲದ್ದಲ್ಲ, ಇನ್ನೂ ಹಳೇದು. ಇಂಗ್ಲೆಂಡಿನ ಶೆಫೀಲ್ಡಲ್ಲಿ 1913ರಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಸವೆಯದ ಹಾಗೆ ಮಾಡಕ್ಕೆ ಹೋಗಿ ಸುಮಾರು 12.8% ಕ್ರೋಮಿಯಂ ಇರೋ ಸ್ಟೀಲು ಎರಕ ಹೊಯ್ದ, ಅದು ಚಾಕುಗೆ ಚೆನ್ನಾಗಾಗುತ್ತೆ ಅಂತ ಊರಿನ ಚಾಕು ಮಾಡೋರಿಗೆ ಹೇಳಿದ್ರೆ, ಕೊಯ್ಯದ ಚಾಕು ಕಂಡುಹಿಡಿದವನು ಅಂತ ಅವನನ್ನೇ ಆಡ್ಕೊಂಡ್ರು. ಆ ಸ್ಟೀಲಲ್ಲಿ ಇಂಗಾಲ ಇದ್ದಿದ್ದು 0.24% ಮಾತ್ರ, ನಮ್ಮ 1.4116ರ ಅರ್ಧ.

ಕೊಳ್ಳೋರಿಗೆ: ಅಲಗಿನ ಮೇಲೋ ಡಬ್ಬಿ ಮೇಲೋ ಸ್ಟೀಲಿನ ನಂಬರ್ ಇರ್ಬೇಕು, ಬರೀ "ಜರ್ಮನ್ ಸ್ಟೀಲ್" ಸಾಲದು. ನಂಬರ್ ಒಂದೇ ಇದ್ರೂ ಹದ ಮಾಡೋದ್ರಲ್ಲಿ ಅಡ್ಡದಾರಿ ಹಿಡಿದ್ರೆ ಅದೇ ಸ್ಟೀಲು 52, 53ಕ್ಕೆ ನಿಂತಿರುತ್ತೆ, ಅದಕ್ಕೇ ಗಟ್ಟಿತನದ ಸಂಖ್ಯೆ ಬರೆದಿರೋರನ್ನ ಆರಿಸಿ, 56 ಇದ್ರೆ ಸಾಕು. ದೊಡ್ಡ ಚಾಕುಗೆ ದುಡ್ಡು ಹಾಕೋ ಮುಂಚೆ ಇದೇ ಸ್ಟೀಲಿನ ಪುಟ್ಟ ಚಾಕು ತಗೊಂಡು ನೋಡಿ, ಅದು ಕೆಲವು ನೂರು ರೂಪಾಯಿಗೇ ಸಿಗುತ್ತೆ, ಬೆಂಡೆಕಾಯಿ ಹುರುಳಿಕಾಯಿಗೆ ಅದೇ ಆರಾಮ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಿತ್ಕೊಂಡಿದ್ದು ಕುಂಬಳಕಾಯಿ ಸೀಳೋ ದಿನ ಪ್ರತೀ ಸಲ ಮೊದ್ಲು ರಾಡ್ ಹುಡುಕಬೇಕಲ್ಲ ಅದಕ್ಕೆ. ಒಗ್ಗರಣೆ ಸೌಟಿನ ಪಕ್ಕದಲ್ಲೇ ರಾಡಿಗೂ ಒಂದು ಮೊಳೆ ಹೊಡೀರಿ, ಡ್ರಾಯರ್ ಒಳಗೆ ಹಾಕಿದ್ರೆ ಯಾರೂ ತೆಗೆಯಲ್ಲ.